ದೀರ್ಘಕಾಲದ ಕಾಯಿಲೆಗಳ ಆರೈಕೆ: ಪರದೆಯ ಮೂಲಕವೋ, ಎದುರಿನಲ್ಲೋ?

ಮಧುಮೇಹ, ರಕ್ತದೊತ್ತಡದಂತಹ ಕಾಯಿಲೆಗಳನ್ನು ನೋಡಿಕೊಳ್ಳುವ ನರ್ಸ್ ಪ್ರಾಕ್ಟೀಷನರ್‌ಗೆ (ಹೆಚ್ಚಿನ ತರಬೇತಿ ಪಡೆದು, ರೋಗಿಗಳನ್ನು ಪರೀಕ್ಷಿಸಿ ಚಿಕಿತ್ಸೆ ನೀಡುವ ನರ್ಸ್‌ಗೆ) ಟೆಲಿಹೆಲ್ತ್, ಅಂದರೆ ವಿಡಿಯೋ ಕರೆಯಂತಹ ದೂರದ ಆರೈಕೆ, ಮತ್ತು ಮುಖಾಮುಖಿ ಭೇಟಿಗಳಲ್ಲಿ ಯಾವುದು ಹೆಚ್ಚು ತೃಪ್ತಿ ಕೊಡುತ್ತದೆ ಎಂದು ಯೋಚಿಸುವಾಗ, ಮೊದಲು ನೋಡಬೇಕಾದದ್ದು ಕೈಯಿಂದ ಮಾಡುವ ಪರೀಕ್ಷೆಯನ್ನು. 10 ಗ್ರಾಂ ಒತ್ತಡಕ್ಕೆ ಬಾಗುವ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದು, ಕಾಲಿನ ಬಾವನ್ನು ಒತ್ತಿ ನೋಡುವುದು, ಶ್ವಾಸಕೋಶದ ಸದ್ದನ್ನು ಆಲಿಸುವುದು ಸಾಮಾನ್ಯ ವಿಡಿಯೋ ಕರೆಯಲ್ಲಿ ಆಗದ ಕೆಲಸಗಳು. ಏನನ್ನೋ ಗಮನಿಸದೆ ಬಿಟ್ಟೆನೇನೋ ಎಂಬ ಅಳುಕು ವೃತ್ತಿಯ ನೆಮ್ಮದಿಯನ್ನೇ ಕದಡಬಲ್ಲದು, ಅದನ್ನು ನಾನು ಲಘುವಾಗಿ ಕಾಣಲಾರೆ.

ಆದರೆ ಮನೆಯಲ್ಲಿ ಅಳೆದ ರಕ್ತದೊತ್ತಡದ ಅಂಕಿಗಳನ್ನು ನೋಡಿ ಔಷಧದ ಪ್ರಮಾಣವನ್ನು ಹೊಂದಿಸಲು ವಿಡಿಯೋ ಭೇಟಿಯೇ ಅನುಕೂಲ. ರೋಗಿಯು ಮಾತ್ರೆಗಳನ್ನೆಲ್ಲ ಕ್ಯಾಮೆರಾದ ಮುಂದೆ ತಂದಿಟ್ಟಾಗ, ಕ್ಲಿನಿಕ್‌ನಲ್ಲಿ ಗೊತ್ತಾಗದಿದ್ದ ಗೊಂದಲಗಳು ಬೆಳಕಿಗೆ ಬರುವುದುಂಟು, ಮತ್ತು ಇಂತಹ ಕ್ಷಣಗಳು ಈ ವೃತ್ತಿಗೆ ನಿಜವಾದ ಸಂತೋಷ ಕೊಡುತ್ತವೆ.

ಸಮಯದ ವಿಷಯದಲ್ಲಿ ಟೆಲಿಹೆಲ್ತ್ ಪ್ರಯಾಣವನ್ನು ಉಳಿಸಿದರೂ, ಸಂಪರ್ಕದ ತೊಡಕುಗಳು ಮತ್ತು ದಿನವಿಡೀ ಬರುವ ಸಂದೇಶಗಳು ಆ ಉಳಿತಾಯವನ್ನು ನುಂಗಿಹಾಕಬಹುದು.

ಹೊಸ ರೋಗಿ, ಹೊಸ ಲಕ್ಷಣ ಅಥವಾ ಶ್ರವಣದೋಷವಿದ್ದರೆ ಎದುರಿನ ಭೇಟಿಯನ್ನೇ ಆರಿಸಿಕೊಳ್ಳಿ. ಪರಿಚಿತ ರೋಗಿಯ ಸ್ಥಿತಿ ಹಿಡಿತದಲ್ಲಿದ್ದು, ಮನೆಯಲ್ಲಿ ನಂಬಲರ್ಹ ಮಾಪಕವಿದ್ದರೆ, ನಡುನಡುವಿನ ವಿಚಾರಣೆಗೆ ವಿಡಿಯೋ ಸಾಕು. ಕಳೆದ ಎರಡು-ಮೂರು ತಿಂಗಳ ರಕ್ತದ ಸರಾಸರಿ ಸಕ್ಕರೆ ಮಟ್ಟವನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ರೋಗಿ ಹೇಗೂ ಬರುವ ದಿನವೇ ಪಾದಗಳನ್ನೂ ನೋಡಬಹುದು.