ಕಂಬಿ ಹಾಕುವ ಕತೆಯೋ, ಗಾಡಿ ಓಡಿಸುವ ಕತೆಯೋ?

ಅಮೆರಿಕದ ಹಳೆಯ ವೆಸ್ಟರ್ನ್ ಕಾದಂಬರಿಗಳಲ್ಲಿ, ಅಂದರೆ ಅಲ್ಲಿನ ಪಶ್ಚಿಮ ಸೀಮೆಯ ಸಾಹಸದ ಕತೆಗಳಲ್ಲಿ, ರೈಲಿನ ಸಾಹಸ ಬೇಕು ಅನ್ನುವವರಿಗೆ ಎರಡು ಪುಸ್ತಕ ಮುಖ್ಯ. ಒಂದು ಝೇನ್ ಗ್ರೇ ಬರೆದ ‘ದಿ ಯು.ಪಿ. ಟ್ರೇಲ್’ (1918). ಇನ್ನೊಂದು ಫ್ರಾಂಕ್ ಸ್ಪಿಯರ್‌ಮನ್ ಬರೆದ ‘ವಿಸ್ಪರಿಂಗ್ ಸ್ಮಿತ್’ (1906). ಎರಡನ್ನೂ ಒಂದರ ಹಿಂದೆ ಒಂದು ಓದಿದೆ. ನನ್ನ ಓಟು ಸ್ಪಿಯರ್‌ಮನ್‌ಗೆ.

ಗ್ರೇ ಕತೆ 1860ರ ದಶಕದ್ದು. ಯೂನಿಯನ್ ಪೆಸಿಫಿಕ್ (ಯು.ಪಿ.) ರೈಲು ಕಂಪನಿ ಒಮಾಹಾ ಊರಿನಿಂದ ಪಶ್ಚಿಮಕ್ಕೆ ಕಂಬಿ ಹಾಕುತ್ತಾ ಹೊರಟಿದೆ. ನಾಯಕ ವಾರೆನ್ ನೀಲ್ ಸರ್ವೇ ಮಾಡುವ ಇಂಜಿನಿಯರ್. ವಯೋಮಿಂಗ್‌ನ ಬೆಟ್ಟಗಳಲ್ಲಿ ರೈಲಿಗೆ ದಾರಿ ಹುಡುಕುವುದೇ ಇಲ್ಲಿ ಸಾಹಸ. ಮೈಲಿಗೆ 116 ಅಡಿಗಿಂತ ಜಾಸ್ತಿ ಏರು ಇರಬಾರದು ಎಂಬ ಮಿತಿ ಆಗ ನಿಜವಾಗಿಯೂ ಇತ್ತು. ಸರ್ಕಾರ ಕಂಪನಿಗೆ ಮೈಲಿ ಲೆಕ್ಕದಲ್ಲಿ ಸಾಲಪತ್ರ ಕೊಡುತ್ತಿತ್ತು: ಬಯಲಿಗೆ 16,000 ಡಾಲರ್, ಬೆಟ್ಟಕ್ಕೆ 48,000. ಮೈಲಿ ಹೆಚ್ಚಾದಷ್ಟೂ ಹಣ ಹೆಚ್ಚು. ಇಷ್ಟು ತಿಳಿದುಕೊಂಡು ಓದಿದರೆ ಕಂಟ್ರಾಕ್ಟರುಗಳ ಮೋಸ ಕಂಡು ನೀಲ್ ಯಾಕೆ ಅಷ್ಟು ಕುದಿಯುತ್ತಾನೆ ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಆಮೇಲೆ ಬೆಂಟನ್ ಬರುತ್ತದೆ. ಕಂಬಿಯ ಜೊತೆಗೇ ಹುಟ್ಟಿ, 1868ರಲ್ಲಿ ಕೆಲವೇ ತಿಂಗಳು ಬದುಕಿದ ನಿಜವಾದ ಊರು ಅದು. ಕಾದಂಬರಿಯಲ್ಲಿ ಮಾತ್ರ ಈ ಭಾಗ ಮುಗಿಯುವುದೇ ಇಲ್ಲ. ಜೂಜು, ಕುಡಿತ, ಗುಂಡಿನ ಕಾಳಗ. ನಾಯಕಿ ಆಲಿ ಸಿಗುತ್ತಾಳೆ, ಕಳೆದುಹೋಗುತ್ತಾಳೆ, ಮತ್ತೆ ಸಿಗುತ್ತಾಳೆ. ಅಧ್ಯಾಯ ಕಳೆದರೂ ರೈಲಿನ ಸುದ್ದಿಯೇ ಇಲ್ಲ. ರೈಲಿಗಾಗಿ ಪುಸ್ತಕ ಹಿಡಿದವರಿಗೆ ಬೇಸರ ಆಗುತ್ತೆ ಅಲ್ವಾ?

ಸ್ಪಿಯರ್‌ಮನ್ ಪುಸ್ತಕದಲ್ಲಿ ಆ ತೊಂದರೆ ಇಲ್ಲ. ಇಲ್ಲಿ ಕಂಬಿ ಹಾಕಿ ಆಗಿದೆ. ಅದರ ಮೇಲೆ ದಿನವೂ ಗಾಡಿ ಓಡಿಸುವುದೇ ಕಷ್ಟ. ಹಳಿ ತಪ್ಪಿದ ಗಾಡಿಯ ಸರಕನ್ನು ರಿಪೇರಿಗೆ ಬಂದವರೇ ದೋಚುತ್ತಿರುತ್ತಾರೆ. ಸೂಪರಿಂಟೆಂಡೆಂಟ್ ಮೆಕ್‌ಕ್ಲೌಡ್ ಆ ರಿಪೇರಿ ಗುಂಪಿನ ಮೇಸ್ತ್ರಿ ಸಿಂಕ್ಲೇರ್‌ನನ್ನು ಕೆಲಸದಿಂದ ತೆಗೆಯುತ್ತಾನೆ. ಮುಂದಿನ ಹಗೆಯೆಲ್ಲ ಇದರಿಂದಲೇ ಹುಟ್ಟುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ಖಳನಾಯಕ ಎಲ್ಲಿಂದಲೋ ಬಂದ ದರೋಡೆಕೋರ ಅಲ್ಲ, ಆ ಲೈನಿನಲ್ಲಿ ಕೆಲಸ ಬಲ್ಲ ದೊಡ್ಡ ಕೈ. ಎಲ್ಲಿ ಕೆಡಿಸಿದರೆ ಗಾಡಿ ನಿಲ್ಲುತ್ತದೆ ಅಂತ ಅವನಿಗೆ ಗೊತ್ತು. ಅವನನ್ನು ಹಿಡಿಯಲು ಬರುವ ರೈಲ್ವೆ ಪತ್ತೇದಾರ ಸ್ಮಿತ್‌ಗೂ ಅವನ ಹಳೆಯ ಪರಿಚಯ ಇದೆ. ಹಾಗಾಗಿ ಪ್ರತಿ ಭೇಟಿಯಲ್ಲೂ ಬಿಗಿ ಇದೆ. ನದಿ ಉಕ್ಕಿ ಬಂದಾಗ ರೈಲ್ವೆ ಆಳುಗಳು ನೀರಿನ ಜೊತೆ ಗುದ್ದಾಡುವ ಭಾಗ ಯಾವ ಗುಂಡಿನ ಕಾಳಗಕ್ಕೂ ಕಡಿಮೆ ಇಲ್ಲ. ಸ್ಪಿಯರ್‌ಮನ್ ರೈಲ್ವೆಯವನಲ್ಲ. ನೆಬ್ರಾಸ್ಕಾದ ಮೆಕ್‌ಕುಕ್ ಎಂಬ ರೈಲ್ವೆ ಊರಿನಲ್ಲಿ ಬ್ಯಾಂಕ್ ನಡೆಸಿದವನು. ಕೆಲಸದವರ ಮಾತನ್ನು ಕಿವಿಗೊಟ್ಟು ಕೇಳಿದ್ದಾನೆ ಅನ್ನುವುದು ಪುಟಪುಟದಲ್ಲೂ ಕಾಣುತ್ತದೆ. ಶುರುವಿನಲ್ಲಿ ಹೆಸರುಗಳು ಜಾಸ್ತಿ, ಅದೊಂದು ಕಷ್ಟ.

ಅರ್ನೆಸ್ಟ್ ಹೇಕಾಕ್ಸ್‌ನ ‘ಟ್ರಬಲ್ ಶೂಟರ್’ (1937) ಕೂಡ ನೋಡಿದೆ. ಅದೂ ಯೂನಿಯನ್ ಪೆಸಿಫಿಕ್ ಕತೆಯೇ. ಓಟ ಚೆನ್ನಾಗಿದೆ, ಆದರೆ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಗ್ರೇ ಪುಸ್ತಕದಲ್ಲಿ ಇನ್ನೊಂದು ಕೊರತೆ ಇದೆ. ಯಾರ ನೆಲದ ಮೇಲೆ ಕಂಬಿ ಹಾದುಹೋಯಿತೋ ಆ ಮೂಲನಿವಾಸಿಗಳು ಹೆಚ್ಚಿನ ಕಡೆ ಬರೀ ದಾಳಿಕೋರರಾಗಿ ಬರುತ್ತಾರೆ. ಎದುರಿನಿಂದ, ಪಶ್ಚಿಮದ ಕಡೆಯಿಂದ, ಸಿಯೆರಾ ಬೆಟ್ಟ ಕೊರೆದು ಬಂದ ಸೆಂಟ್ರಲ್ ಪೆಸಿಫಿಕ್ ಎಂಬ ಇನ್ನೊಂದು ಕಂಪನಿಯ ಸಾವಿರಾರು ಚೀನೀ ಕೂಲಿಗಳ ಪಾಡನ್ನು ತಿಳಿಯಲು ಇತಿಹಾಸದ ಪುಸ್ತಕಕ್ಕೇ ಹೋಗಬೇಕು. 1869ರ ಏಪ್ರಿಲ್ 28ರಂದು ಒಂದೇ ದಿನದಲ್ಲಿ 10 ಮೈಲಿ ಕಂಬಿ ಹಾಕಿದ್ದು ಆ ಕಡೆಯವರೇ.

ಆದರೂ ಗ್ರೇ ಪುಸ್ತಕವನ್ನು ಕೈಬಿಡಿ ಅನ್ನಲಾರೆ. ಕೇಸಿ ಎಂಬ ಐರಿಷ್ ಕೂಲಿ ಇದ್ದಾನಲ್ಲ, ಅವನಿಗಾಗಿ ಓದಬೇಕು. ಕಂಬಿ ಕೆಲಸದ ಮುಖ್ಯ ಇಂಜಿನಿಯರ್ ಆದ ಜನರಲ್ ಬರುವ ಗಾಡಿಗೆ ಹೊಂಚು ಹಾಕಿದ್ದಾರೆ ಅಂತ ಗೊತ್ತಾದಾಗ ಅವನು ಎಚ್ಚರಿಕೆ ಮುಟ್ಟಿಸಲು ಜಲ್ಲಿ ವ್ಯಾಗನ್ ಹತ್ತಿ ಬ್ರೇಕ್ ಬಿಡುತ್ತಾನೆ. ಇಂಜಿನ್ ಇಲ್ಲ, ಇಳಿಜಾರೇ ಗತಿ. ಅಂಥ ಓಟ ಸ್ಪಿಯರ್‌ಮನ್ ಪುಸ್ತಕದಲ್ಲೂ ಇಲ್ಲ.

ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು ಸ್ಮಿತ್ ಓದಿ, ಆಮೇಲೆ ಗ್ರೇ. ಬೆಂಟನ್ ಎಷ್ಟೇ ಎಳೆದರೂ ಕೇಸಿ ವ್ಯಾಗನ್ ಹತ್ತುವವರೆಗೆ ಪುಸ್ತಕ ಕೆಳಗಿಡಬೇಡಿ.