ಹಳೆಯ ಉಡುಪು ಮಾರುವ ತುಮಕೂರಿನ ಆನ್‌ಲೈನ್ ಅಂಗಡಿ: ಒಂದೂವರೆ ವರ್ಷದ ಅನುಭವ

ನಮ್ಮ ಬೀದಿಗೆ ತಿಂಗಳಿಗೊಮ್ಮೆಯಾದರೂ ಇಬ್ಬರು ವ್ಯಾಪಾರಿಗಳು ಬರುತ್ತಾರೆ. ಒಬ್ಬರು ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು, ಹಳೆಯ ಬಟ್ಟೆಗೆ ಡಬರಿಯನ್ನೋ ತಟ್ಟೆಯನ್ನೋ ಕೊಟ್ಟು ಹೋಗುವ ಹೆಂಗಸು. ಇನ್ನೊಬ್ಬರು ಬೈಕಿಗೆ ಮೈಕು ಕಟ್ಟಿಕೊಂಡು ‘ಹಳೇ ರೇಷ್ಮೆ ಸೀರೆ, ಜರಿ ಸೀರೆ ಇದ್ರೆ ಕೊಡಿ’ ಎಂದು ಕೂಗುತ್ತಾ ಬರುವವರು. ಈ ಎರಡನೆಯವರ ಕೈಗೆ ಹೋದ ಸೀರೆಯನ್ನು ಮತ್ತೆ ಯಾರೂ ಉಡುವುದಿಲ್ಲ. ಅದರ ಅಂಚನ್ನೂ ಸೆರಗನ್ನೂ ಸುಟ್ಟು, ಉಳಿದದ್ದನ್ನು ಕರಗಿಸಿ ಬೆಳ್ಳಿ ತೆಗೆಯುತ್ತಾರೆ. ನನ್ನ ಅಜ್ಜಿಯ ನಾಲ್ಕು ಸೀರೆಗಳು ಹಾಗೆಯೇ ಹೋದವು. ಆಗ ನಮಗೆ ಬೇರೆ ದಾರಿ ತಿಳಿದಿರಲಿಲ್ಲ. ಐದನೆಯದು ಉಳಿದದ್ದು ಈ ಅಂಗಡಿಯಿಂದ. ಆದ್ದರಿಂದ ನಾನು ಇದನ್ನು ಕೊಂಡವಳಾಗಿ ಮಾತ್ರವಲ್ಲ, ಕೊಟ್ಟವಳಾಗಿಯೂ ಬರೆಯುತ್ತಿದ್ದೇನೆ.

ಅಂಗಡಿ ಎಂದರೆ ಬೋರ್ಡು, ಗಾಜಿನ ಬಾಗಿಲು ಇರುವಂಥದ್ದಲ್ಲ. ಎಸ್.ಎಸ್. ಪುರಂನ ಮನೆಯೊಂದರ ಮಹಡಿಯ ಕೋಣೆ, ಎರಡು ಬೀರು, ಕಿಟಕಿಯ ಪಕ್ಕದಲ್ಲಿ ಒಂದು ಮಂಚ, ಒಂದು ಹೊಲಿಗೆ ಯಂತ್ರ, ಇಷ್ಟೇ. ಮಾರಾಟವೆಲ್ಲ ಇನ್‌ಸ್ಟಾಗ್ರಾಂ ಮತ್ತು ವಾಟ್ಸಾಪ್‌ನಲ್ಲಿ ನಡೆಯುತ್ತದೆ. ನಡೆಸುವವರು ಒಬ್ಬರೇ, ತಿಂಗಳಿಗೆ ಇಪ್ಪತ್ತೈದು ಮೂವತ್ತು ಉಡುಪುಗಳಿಗಿಂತ ಹೆಚ್ಚು ಹಾಕುವುದಿಲ್ಲ. ಪ್ರತಿಯೊಂದೂ ಒಂದೇ ಒಂದು ಇರುವುದರಿಂದ ಗಿರಾಕಿಗಳ ಸಂಖ್ಯೆ ಹೆಚ್ಚಿದರೆ ಉತ್ತರ ಕೊಡುವುದರಲ್ಲೇ ದಿನ ಕಳೆಯುತ್ತದೆ, ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ತುಮಕೂರಿನಲ್ಲಿ ಹಳೆಯ ಸೀರೆ ಇಟ್ಟುಕೊಂಡವರನ್ನು ನಾಲ್ಕು ಜನರಲ್ಲಿ ವಿಚಾರಿಸಿದರೆ ಒಬ್ಬರಾದರೂ ಅವರ ನಂಬರ್ ಕೊಡುತ್ತಾರೆ.

ಮೊದಲು ಕೊಟ್ಟದ್ದರ ಬಗ್ಗೆ ಹೇಳುತ್ತೇನೆ, ಏಕೆಂದರೆ ಇಂತಹ ಅಂಗಡಿಯ ಯೋಗ್ಯತೆ ತಿಳಿಯುವುದು ಮಾರುವಾಗಲ್ಲ, ಕೊಳ್ಳುವಾಗ. ಅಜ್ಜಿಯ ಸೀರೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಮಗ್ಗದ್ದು, ಬದನೆಕಾಯಿ ಬಣ್ಣದ ಒಡಲು, ಅರಿಶಿನ ಬಣ್ಣದ ಅಂಚು, ಸೆರಗಿನಲ್ಲಿ ಒತ್ತೊತ್ತಾದ ಜರಿ. ಬೈಕಿನವರು ಅದನ್ನು ಬಿಡಿಸಿಯೂ ನೋಡದೆ, ಅಂಚನ್ನು ಉಗುರಿನಿಂದ ಕೆರೆದು, 1,800 ರೂಪಾಯಿ ಎಂದಿದ್ದರು. ಈ ಅಂಗಡಿಯವರು ಮನೆಗೆ ಬಂದು, ಸೀರೆಯನ್ನು ಮಂಚದ ಮೇಲೆ ಪೂರ್ತಿ ಹರಡಿ, ಮೊಳ ಮೊಳವಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ತಾಯಿಯನ್ನು ಕೇಳಿದ ಮೊದಲ ಪ್ರಶ್ನೆ ಬೆಲೆಯದಾಗಿರಲಿಲ್ಲ. ‘ಅಮ್ಮಾ, ಇದು ಯಾರ ಮದುವೆಗೆ ತಂದದ್ದು? ಎಷ್ಟು ಸಲ ಉಟ್ಟಿದ್ದರು?’ ಎಂದು ಕೇಳಿ, ತಾಯಿ ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೊಟ್ಟದ್ದು 4,000 ರೂಪಾಯಿ. ಅಂಟುವಾಳಕಾಯಿಯ ನೀರಿನಲ್ಲಿ ತೊಳೆದು, ಹಳೆಯ ಫಾಲ್ಸ್ ಬಿಚ್ಚಿ ಹೊಸದು ಹಾಕಿ, ಎರಡು ಕಡೆ ರಫು ಮಾಡಿಸಿ 7,800 ರೂಪಾಯಿಗೆ ಮಾರಿದರು. ಮಾರಾಟವಾದ ವಾರದಲ್ಲಿ ನಾವು ಕೇಳದೆಯೇ ಇನ್ನೂ 800 ರೂಪಾಯಿಯನ್ನು ತಾಯಿಯ ಖಾತೆಗೆ ಹಾಕಿದರು. ಸೀರೆಯ ಜೊತೆಗಿನ ಚೀಟಿಯಲ್ಲಿ ಅಜ್ಜಿಯ ಹೆಸರು ಇರಲಿಲ್ಲ, ಆದರೆ ಊರು, ಮದುವೆಯ ವರ್ಷ, ಮಗ್ಗದ ಊರು ಎಲ್ಲವೂ ಇದ್ದವು. ತಾಯಿ ಆ ಚೀಟಿಯ ಫೋಟೋವನ್ನು ಇಂದಿಗೂ ಫೋನಿನಲ್ಲಿ ಇಟ್ಟುಕೊಂಡಿದ್ದಾರೆ.

ಉಡುಪಿನ ಕಾಲವನ್ನು ಅವರು ಊಹೆಯಿಂದ ಹೇಳುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಗುಣ. ಇಂದು ‘ವಿಂಟೇಜ್’ ಎಂಬ ಪದವನ್ನು ಹತ್ತು ವರ್ಷದ ಹಿಂದಿನ ಪಾಲಿಯೆಸ್ಟರ್‌ಗೂ ಅಂಟಿಸಿ ಮಾರುವವರಿದ್ದಾರೆ. ಇವರು ಸೀರೆಯ ಪೆಟ್ಟಿಗೆ, ರಸೀದಿ, ಅಂಗಡಿಯ ಚೀಟಿ ಸಿಕ್ಕಿದರೆ ಅವನ್ನೂ ಕೇಳಿ ತರುತ್ತಾರೆ. ರಸೀದಿಯಲ್ಲಿ ಆಣೆಯ ಲೆಕ್ಕವಿದ್ದರೆ ಅದು ಹೊಸ ಪೈಸೆ ಬಂದ 1957ರ ಹಿಂದಿನದು, ಇಲ್ಲವೇ ಅದರ ಆಸುಪಾಸಿನದು. ಮೈಸೂರು ರಾಜ್ಯ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಹಿಂದಿನದು. ಅಂಗಡಿಯ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಈಚಿನದು. ಮೈಸೂರು ಸಿಲ್ಕ್ ವಿಷಯದಲ್ಲಿ ಅವರು ಇನ್ನೂ ಎಚ್ಚರ. ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು, ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂದದ್ದು 1980ರಲ್ಲಿ. ಆದ್ದರಿಂದ ಪೆಟ್ಟಿಗೆಯ ಮೇಲೆ ನಿಗಮದ ಹೆಸರಿದ್ದೂ ‘ಅರವತ್ತರ ದಶಕದ ಸೀರೆ’ ಎಂದರೆ ಅದು ಸುಳ್ಳು. ಯಾವ ಸಾಕ್ಷಿಯೂ ಸಿಗದಿದ್ದರೆ ‘ಮನೆಯವರು ಹೇಳಿದ ಪ್ರಕಾರ’ ಎಂದು ಬರೆದು ಸುಮ್ಮನಾಗುತ್ತಾರೆ. ಜರಿಯ ವಿಷಯದಲ್ಲೂ ಹಾಗೆಯೇ: ಬೆಳ್ಳಿಯ ಜರಿ ಹಳೆಯದಾದಂತೆ ಕಪ್ಪಾಗುತ್ತದೆ, ಕಪ್ಪಾದ ಕಡೆಯ ಚಿತ್ರವನ್ನೇ ಮೊದಲು ಹಾಕುತ್ತಾರೆ.

ಸೀರೆಯ ಜೊತೆಗೆ ಹಳೆಯ ರೇಷ್ಮೆ ಲಂಗ, ಬುಗ್ಗೆ ತೋಳಿನ ರವಿಕೆಗಳೂ ಸಿಗುತ್ತವೆ. ಆದರೆ ಈ ಅಂಗಡಿಯನ್ನು ಬೇರೆಯವುಗಳಿಂದ ಪ್ರತ್ಯೇಕಿಸುವುದು ಕೋಲಾರದ ಚಿನ್ನದ ಗಣಿಯ ಊರಿನಿಂದ ತರುವ ಫ್ರಾಕುಗಳು. ವರ್ಷಕ್ಕೆ ಎರಡು ಮೂರು ಬಾರಿ ಅವರು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಕೆ.ಜಿ.ಎಫ್.ಗೆ ಹೋಗುತ್ತಾರೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಯನ್ನು ಕೈಗೆತ್ತಿಕೊಂಡ ಮೇಲೆ ಬೆಳೆದ ಆ ಊರಿನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ತಲೆಮಾರುಗಳ ಕಾಲ ಬಾಳಿದವು. ಕ್ರಿಸ್‌ಮಸ್‌ಗೆ, ಕ್ಲಬ್ಬಿನ ನೃತ್ಯಕ್ಕೆ ಹೊಸ ಫ್ರಾಕು ಹೊಲಿಸುವುದು ವಾಡಿಕೆಯಾಗಿತ್ತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಮಕ್ಕಳು ಮರಿಗಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಟ್ರಂಕುಗಳು ವಯಸ್ಸಾದವರ ಬಳಿ ಉಳಿದವು. ಆ ಮನೆಗಳಲ್ಲಿ ಚಹಾ ಕುಡಿದು, ಎರಡನೆಯ ಸಲವೋ ಮೂರನೆಯ ಸಲವೋ ಹೋದಾಗ ಮಾತ್ರ ಟ್ರಂಕು ತೆರೆಯುತ್ತಾರೆ ಎಂದು ಆಕೆ ಹೇಳುತ್ತಾರೆ. ಅವಸರ ಮಾಡಿದರೆ ಈ ವ್ಯಾಪಾರ ಆಗುವುದಿಲ್ಲ.

ಅಲ್ಲಿಂದ ಬಂದ ಒಂದು ಫ್ರಾಕನ್ನು ನನ್ನ ಮಗಳಿಗೆ 3,400 ರೂಪಾಯಿಗೆ ಕೊಂಡೆ. ತಿಳಿ ಹಸಿರು ಬಣ್ಣದ ಹತ್ತಿ ಬಟ್ಟೆ, ಸಣ್ಣ ಬಿಳಿ ಹೂ, ಸೊಂಟದಿಂದ ಕೆಳಗೆ ಹರಡಿಕೊಂಡ ಘೇರು. ಹೊರಗಿನಿಂದ ನೋಡಿದಾಗ ಚೆಂದ ಅನಿಸಿತು, ಒಳಮಗ್ಗುಲು ತಿರುವಿದಾಗ ಅಚ್ಚರಿಯಾಯಿತು. ಎಡಪಕ್ಕೆಯಲ್ಲಿ ಲೋಹದ ಜಿಪ್ಪು ಇದೆ; ನೈಲಾನ್ ಜಿಪ್ಪು ಹೆಚ್ಚಾಗಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಓವರ್‌ಲಾಕ್ ಹೊಲಿಗೆ ಎಲ್ಲಿಯೂ ಇಲ್ಲ, ಅಂಚುಗಳನ್ನೆಲ್ಲ ಕೈಯಲ್ಲೇ ಸುತ್ತಿ ಹೊಲಿದಿದ್ದಾರೆ. ಎರಡೂ ಪಕ್ಕೆಯಲ್ಲಿ ಒಂದೊಂದು ಇಂಚಿಗೂ ಹೆಚ್ಚು ಬಟ್ಟೆಯನ್ನು ಒಳಗೆ ಮಡಿಸಿ ಬಿಟ್ಟಿದ್ದಾರೆ, ಹುಡುಗಿ ಬೆಳೆದರೆ ಬಿಚ್ಚಿ ಅಗಲ ಮಾಡಲೆಂದು. ಒಂದು ಬಾರಿ ಹಾಗೆ ಬಿಚ್ಚಿಯೂ ಇದ್ದಾರೆ: ಹಳೆಯ ಹೊಲಿಗೆಯ ಸಣ್ಣ ತೂತುಗಳ ಸಾಲು ಈಗಿನ ಹೊಲಿಗೆಯ ಪಕ್ಕದಲ್ಲೇ ಕಾಣುತ್ತದೆ, ಅಲ್ಲಿ ಬಿಸಿಲು ಕಾಣದ ಬಟ್ಟೆ ಇನ್ನೂ ಗಾಢ ಹಸಿರಾಗಿದೆ. ಉಳಿದ ಅರ್ಧ ಇಂಚನ್ನು ನನ್ನ ಮಗಳಿಗಾಗಿ ಬಿಚ್ಚಿಸಿದೆವು.

ಇನ್ನು ದೂರಿನ ವಿಷಯ; ಇದನ್ನು ಮರೆಮಾಚಿದರೆ ಮೇಲಿನ ಹೊಗಳಿಕೆಗೆ ಬೆಲೆ ಇರುವುದಿಲ್ಲ. ಕಳೆದ ವರ್ಷ ಗೌರಿಹಬ್ಬಕ್ಕೆ ನಾನು ಇವರಿಂದ ನೀಲಿ ಬಣ್ಣದ ಹಳೆಯ ರೇಷ್ಮೆ ಸೀರೆಯೊಂದನ್ನು 6,500 ರೂಪಾಯಿಗೆ ತರಿಸಿಕೊಂಡೆ. ಉಟ್ಟು ಎರಡು ಗಂಟೆಯಾಗಿರಲಿಲ್ಲ, ಬಾಗಿನ ಕೊಡಲು ಬಗ್ಗಿದಾಗ ನೆರಿಗೆಯ ಬಳಿ ಸೀರೆ ಪಿಸಿಯಿತು. ಬಿಚ್ಚಿ ನೋಡಿದರೆ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರಿಂದ ಮಡಿಕೆಯ ಗೆರೆಯುದ್ದಕ್ಕೂ ನೂಲು ಸತ್ತುಹೋಗಿತ್ತು. ವಿವರಣೆಯಲ್ಲಿ ‘ಒಳ್ಳೆಯ ಸ್ಥಿತಿ’ ಎಂದಷ್ಟೇ ಇತ್ತು. ಸಂದೇಶ ಕಳಿಸಿದಾಗ ಬಂದ ಮೊದಲ ಉತ್ತರ ‘ಹಳೆಯ ವಸ್ತುವಿಗೆ ವಾಪಸಾತಿ ಇಲ್ಲ ಮೇಡಂ’ ಎಂಬುದು. ಇದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಲೆಯೋ ತೂತೋ ಇದ್ದರೆ ತೋರಿಸಿ ಮಾರಲಿ, ನೋಡಿಯೇ ಕೊಂಡವರು ಹಿಂತಿರುಗಿಸುವಂತಿಲ್ಲ, ಸರಿ. ಆದರೆ ಹೇಳದ ದೋಷದ ಹೊಣೆ ಮಾರಿದವರದೇ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ನಿಯಮಗಳೂ ದೋಷವಿರುವ ಅಥವಾ ವಿವರಣೆಗೆ ಹೊಂದದ ವಸ್ತುವನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದೇ ಹೇಳುತ್ತವೆ. ಇಷ್ಟನ್ನು ಬರೆದು ಕಳಿಸಿದ ಮೂರನೆಯ ದಿನ ಪೂರ್ತಿ ಹಣ ಬಂತು, ಜೊತೆಗೆ ಒಂದು ಫೋನ್ ಕರೆಯೂ ಬಂತು. ಆ ಸೀರೆಯನ್ನು ತಾನು ಸಂಜೆಯ ಹೊತ್ತು ನೋಡಿ ಕೊಂಡದ್ದಾಗಿ, ಬೆಳಕಿಗೆ ಹಿಡಿದಿರಲಿಲ್ಲವೆಂದು ಆಕೆ ಒಪ್ಪಿಕೊಂಡರು. ಆ ಮೇಲಿನಿಂದ ಪ್ರತಿ ಸೀರೆಗೂ ಮಡಿಕೆಗಳನ್ನು ಕಿಟಕಿಗೆ ಹಿಡಿದ ಒಂದು ವೀಡಿಯೋ ಇರುತ್ತದೆ. ‘ವಾಪಸಾತಿ ಇಲ್ಲ’ ಎಂಬ ಸಾಲು ಮಾತ್ರ ಪುಟದ ಮೇಲ್ಭಾಗದಲ್ಲಿ ಇನ್ನೂ ಹಾಗೆಯೇ ಇದೆ, ಅದನ್ನು ತೆಗೆಯಲೇಬೇಕು.

ಅಳತೆಯ ವಿಷಯದಲ್ಲೂ ಸುಧಾರಣೆ ಬೇಕು. ಹಳೆಯ ಫ್ರಾಕಿಗೆ ಎಸ್, ಎಂ, ಎಲ್ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ನಿಮಗೆ ಸರಿಯಾಗಿ ಹೊಂದುವ ಉಡುಪೊಂದನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ಎದೆ, ಸೊಂಟ, ಭುಜ, ಉದ್ದಗಳನ್ನು ಟೇಪಿನಲ್ಲಿ ಅಳೆದು ಕಳಿಸಿ, ಕೊಳ್ಳಲಿರುವ ಉಡುಪಿನ ಅದೇ ಅಳತೆಗಳನ್ನು ಕೇಳಿ ಪಡೆಯಿರಿ. ಕೇಳಿದರೆ ಕೊಡುತ್ತಾರೆ, ತಾವಾಗಿ ಹಾಕುವುದಿಲ್ಲ. ಕಂಕುಳ ಭಾಗದ ಚಿತ್ರವನ್ನೂ ಕೇಳಿ, ಅಲ್ಲಿನ ಬೆವರಿನ ಕಲೆ ಹೋಗುವುದು ಕಷ್ಟ.

ಪಾರ್ಸೆಲ್ ಸ್ಪೀಡ್ ಪೋಸ್ಟ್‌ನಲ್ಲಿ ಬರುತ್ತದೆ, ಇದುವರೆಗೆ ತಡವಾಗಿಲ್ಲ. ಉಡುಪನ್ನು ತೊಳೆದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿರುತ್ತಾರೆ, ಅದನ್ನು ಎಸೆಯಬೇಡಿ. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡದೆ ಆ ಬಟ್ಟೆಯಲ್ಲೇ ಇಟ್ಟು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕೆಂದೂ, ನುಸಿಗುಳಿಗೆಯನ್ನು ಜರಿಗೆ ತಾಗಿಸಬಾರದೆಂದೂ ಚೀಟಿಯಲ್ಲಿ ಬರೆದಿರುತ್ತದೆ.

ಹಣ ಹಿಂದಕ್ಕೆ ಬಂದ ಮೇಲೂ ನಾನು ಇವರ ಗಿರಾಕಿಯಾಗಿಯೇ ಉಳಿದಿದ್ದೇನೆ. ಕಳೆದ ವಾರ ಚಿಕ್ಕನಾಯಕನಹಳ್ಳಿ ಕಡೆಯ ಮನೆಯೊಂದರಿಂದ ಬಂದ ಸಣ್ಣ ಚೌಕಳಿಯ ಸೀರೆಯೊಂದಕ್ಕೆ ಮುಂಗಡ ಕಳಿಸಿದೆ. ಅದರ ವೀಡಿಯೋದಲ್ಲಿ ಸೆರಗಿನ ಹತ್ತಿರ ಬೆರಳಗಲದ ರಫು ಕಾಣುತ್ತದೆ, ಅದನ್ನು ನೋಡಿಯೇ ಒಪ್ಪಿಕೊಂಡಿದ್ದೇನೆ.