ಮಕ್ಕಳನ್ನು ಸಿನಿಮಾಗೆ ಕರೆದೊಯ್ಯುವ ಮುಂಚೆ: ಪ್ಲಗ್ಡ್ ಇನ್ ನೋಡೋದಾ, ಮೂವಿಗೈಡ್ ನೋಡೋದಾ?

ಭಾನುವಾರ ಆರಾಧನೆ ಮುಗಿಸಿ ಫ್ರೇಜರ್ ಟೌನ್‌ನಿಂದ ಹೊರಟರೆ ಸಾಕು, ಹಿಂದಿನ ಸೀಟಿನಲ್ಲಿ ಸಿನಿಮಾ ರಾಗ ಶುರು. ಸಿಗ್ನಲ್‌ನಲ್ಲಿ ನಿಂತಾಗ, ಆ ಸಿನಿಮಾ ಮಕ್ಕಳಿಗೆ ಸರಿಹೋಗುತ್ತಾ ಅಂತ ಕ್ರೈಸ್ತ ವಿಮರ್ಶೆ ತಾಣಗಳಲ್ಲಿ ನೋಡೋಕೆ ಹೆಂಡತಿ ಮೊಬೈಲ್ ತೆಗೆಯುತ್ತಾಳೆ.

ನನ್ನ ಓಟು ಪ್ಲಗ್ಡ್ ಇನ್‌ಗೆ. ಇದು ಅಮೆರಿಕದ ಕೊಲೊರಾಡೋದಲ್ಲಿರುವ ಫೋಕಸ್ ಆನ್ ದ ಫ್ಯಾಮಿಲಿ ಅನ್ನುವ ಕ್ರೈಸ್ತ ಸಂಸ್ಥೆಯದು. ಒಳ್ಳೆಯ ಅಂಶ, ದೇವರು-ಮಾಟದ ವಿಷಯ, ಹೊಡೆದಾಟ, ಬೈಗುಳ, ಕುಡಿತ, ಒಂದೊಂದಕ್ಕೂ ಬೇರೆ ಭಾಗ ಮಾಡಿ, ತೆರೆಯ ಮೇಲೆ ಏನೇನು ಕಾಣುತ್ತೆ ಅಂತ ಬಿಡಿಸಿ ಹೇಳ್ತಾರೆ, ತೀರ್ಮಾನ ಮಾತ್ರ ನಮಗೇ ಬಿಡ್ತಾರೆ. ನಮ್ಮ ಚಿಕ್ಕವನಿಗೆ ಗುದ್ದಾಟ ಪರವಾಗಿಲ್ಲ, ದೆವ್ವ ಬಂದರೆ ರಾತ್ರಿ ಲೈಟ್ ಆರಿಸಲು ಬಿಡಲ್ಲ. ಹಾಗಾಗಿ ನಾನು ಓದುವುದು ದೇವರು-ಮಾಟದ ಭಾಗ ಒಂದೇ. ಕಥೆ ಮೊದಲೇ ಗೊತ್ತಾಗಿಬಿಡುತ್ತೆ, ಅದೊಂದು ಕಿರಿಕಿರಿ.

ಮೂವಿಗೈಡ್ ಅವಸರದವರಿಗೆ. ಇದೂ ಅಮೆರಿಕದ ಕ್ರೈಸ್ತ ಸಿನಿಮಾ ವಿಮರ್ಶೆಯೇ, ಟೆಡ್ ಬೇರ್ ಅನ್ನುವವರು 1985ರಲ್ಲಿ ಶುರು ಮಾಡಿದ್ದು. ಸಿನಿಮಾದ ಗುಣಮಟ್ಟಕ್ಕೆ ನಕ್ಷತ್ರ, ಕುಟುಂಬಕ್ಕೆ ಎಷ್ಟು ಒಪ್ಪುತ್ತೆ ಅನ್ನುವುದಕ್ಕೆ +4ರಿಂದ -4ರವರೆಗೆ ಅಂಕ. ಎರಡೂ ಬೇರೆ ಬೇರೆ ಇಟ್ಟಿದ್ದು ಜಾಣತನ ಅಲ್ವಾ? ಆದರೆ ಅಲ್ಲಿನ ರಾಜಕೀಯವೂ ಜಾಸ್ತಿ ನುಸುಳುತ್ತೆ. ಬಂಡವಾಳಶಾಹಿ ಪರವೋ ವಿರೋಧವೋ ಅಂತ ಗುರುತು ಹಾಕಿದರೆ ಪಾಪ್‌ಕಾರ್ನ್ ತಿನ್ನೋ ಮಕ್ಕಳಿಗೇನು ಲಾಭ?

ಕ್ಯಾಥೊಲಿಕರಿಗೆ ಓಎಸ್‌ವಿ ನ್ಯೂಸ್ ಅನ್ನುವ ಕ್ಯಾಥೊಲಿಕ್ ಸುದ್ದಿಸಂಸ್ಥೆ ಸಿನಿಮಾಗಳಿಗೆ ಕೊಡುವ ಅಕ್ಷರಗಳಿವೆ: ಎ-1 ಅಂದರೆ ಎಲ್ಲರಿಗೂ, ಓ ಅಂದರೆ ನೈತಿಕವಾಗಿ ಒಪ್ಪಲಾಗದ್ದು.

ಇವೆಲ್ಲ ಹೆಚ್ಚಾಗಿ ಹಾಲಿವುಡ್‌ಗೆ. ಕನ್ನಡ ಸಿನಿಮಾಗೆ ನಾನು ಸೆನ್ಸಾರ್ ಮಂಡಳಿಯ ಯುಎ 7+, 13+, 16+ ನೋಡ್ತೀನಿ, ಆಮೇಲೆ ಮೊದಲ ದಿನವೇ ನೋಡಿಬಂದ ಭಾವಮೈದನಿಗೊಂದು ಫೋನ್.